ಅಲ್ಟ್ರಾ ಓಟ ಅರ್ಧಕ್ಕೆ ನಿಂತಾಗ: ಮುಂಬೈ, ಪುಣೆ, ಗೋವಾದ ಕನ್ನಡ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರಿನಿಂದ ಫೆಬ್ರವರಿವರೆಗೆ ಸಹ್ಯಾದ್ರಿಯ ಸುತ್ತಮುತ್ತ ಅಲ್ಟ್ರಾ ಓಟಗಳ, ಅಂದರೆ ಮ್ಯಾರಥಾನಿಗಿಂತ ಉದ್ದದ ಓಟಗಳ ಸುಗ್ಗಿ. ಪ್ರತಿ ಓಟ ಮುಗಿದ ಮರುದಿನ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಂದೇ ನಿಲ್ಲಿಸಿ ಬಂದವರು ಮೊದಲ ನಾಲ್ಕು ಉತ್ತರಗಳನ್ನು ಈಗಲೇ ಓದಿ. ಉಳಿದವನ್ನು ಒಂದು ವಾರ ಬಿಟ್ಟು ಓದಿದರೂ ನಡೆಯುತ್ತದೆ, ಬಹುಶಃ ಅದೇ ಒಳ್ಳೆಯದು.

ಡಿಎನ್‌ಎಫ್ (ಡಿಡ್ ನಾಟ್ ಫಿನಿಶ್, ಅಂದರೆ ಮುಗಿಸಲಿಲ್ಲ) ಎಂದು ಯಾವಾಗ ಬರೆಯುತ್ತಾರೆ? ಕಟ್‌ಆಫ್‌ಗೆ (ದಾರಿಯ ಒಂದು ಜಾಗ ದಾಟಲೇಬೇಕಾದ ಗಡುವಿಗೆ) ಸಿಕ್ಕಿ ನಿಂತರೂ ಅದೇನಾ?

ಹೌದು. ಓಟ ಶುರು ಮಾಡಿ ಕೊನೆಯ ಗೆರೆಯನ್ನು ಸಮಯದೊಳಗೆ ಮುಟ್ಟದವರೆಲ್ಲ ಫಲಿತಾಂಶದ ಪಟ್ಟಿಯಲ್ಲಿ ಡಿಎನ್‌ಎಫ್. ನೀವಾಗಿಯೇ ನಿಲ್ಲಿಸಿದರೂ, ವೈದ್ಯರು ತಡೆದರೂ, ಚೆಕ್‌ಪಾಯಿಂಟಿನಲ್ಲಿ ಎರಡು ನಿಮಿಷ ತಡವಾದರೂ ಸಾಮಾನ್ಯವಾಗಿ ಬರೆಯುವುದು ಅದೇ ಮೂರು ಅಕ್ಷರ. ಕೆಲವು ಆಯೋಜಕರು ಕಟ್‌ಆಫ್ ತಪ್ಪಿದವರನ್ನು ಬೇರೆಯಾಗಿ ನಮೂದಿಸುತ್ತಾರೆ. ಹೆಸರು ಕೊಟ್ಟು ಸ್ಟಾರ್ಟಿಗೇ ಬಾರದವರು ಡಿಎನ್‌ಎಸ್, ನಿಯಮ ಮುರಿದವರು ಡಿಕ್ಯೂ.

ಇದು ದೂರ ನಿಗದಿಯಾಗಿರುವ ಓಟಗಳ ಮಾತು. ಆಗಸ್ಟ್ 15ರಂದು ದಾದರಿನ ಶಿವಾಜಿ ಪಾರ್ಕಿನಿಂದ ನಡೆಯುವ 12 ಗಂಟೆಯ ಓಟದಂಥವು, ಸ್ಟೇಡಿಯಂನಲ್ಲಿ ಸುತ್ತು ಹಾಕುವ 24 ಗಂಟೆಯ ಓಟಗಳು ಬೇರೆ ಜಾತಿ. ಅಲ್ಲಿ ಗಡಿಯಾರ ನಿಗದಿ, ದೂರ ನಿಮ್ಮದು. ಒಂದು ಗಂಟೆ ಕೂತು ಎದ್ದು ಮತ್ತೆ ಓಡಿದರೂ ಲೆಕ್ಕಕ್ಕೆ ಬರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗಷ್ಟೇ ನಿಲ್ಲಿಸಿದ್ದೇನೆ. ಮೊದಲು ಏನು ಮಾಡಲಿ?

ದಾರಿ ನೋಡಿಕೊಳ್ಳುವ ಹತ್ತಿರದ ಮಾರ್ಷಲ್‌ಗೆ ನಿಮ್ಮ ಬಿಬ್ (ಎದೆಗೆ ಅಂಟಿಸಿದ ಚೀಟಿ) ನಂಬರ್ ಹೇಳಿ, ಅವರು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿ. ಟೈಮಿಂಗ್ ಚಿಪ್ ಕೇಳಿದರೆ ಕೊಡಿ. ಯಾರಿಗೂ ಹೇಳದೆ ಗೆಳೆಯನ ಬೈಕ್ ಹತ್ತಿ ಮನೆ ಸೇರುವವರಿಂದ ಆಗುವ ತೊಂದರೆ ಸಣ್ಣದಲ್ಲ. ರಾಜಗಡ, ತೋರಣಾ ಸಾಲಿನ ಕಾಡುದಾರಿಯಲ್ಲಿ ಒಬ್ಬ ಓಟಗಾರ ಲೆಕ್ಕಕ್ಕೆ ಸಿಗದಿದ್ದರೆ ಹತ್ತಾರು ಸ್ವಯಂಸೇವಕರು ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಡುಕಬೇಕಾಗುತ್ತದೆ. ನಾಚಿಕೆಯಿಂದ ಮರೆಯಾಗಿ ಹೋಗುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಆಮೇಲೆ ಬಟ್ಟೆ. ಓಟ ನಿಂತ ಹತ್ತು ನಿಮಿಷಕ್ಕೆ ಮೈಯ ಬಿಸಿ ಇಳಿಯುತ್ತದೆ, ಒದ್ದೆ ಟೀಶರ್ಟ್ ಹಾಗೇ ಇರುತ್ತದೆ. ಲೋಣಾವಳ ಅಥವಾ ಸಿಂಹಗಡದ ಕಡೆ ಡಿಸೆಂಬರ್ ಬೆಳಗಿನ ಗಾಳಿಗೆ ನಡುಕ ಬರಲು ಇಷ್ಟು ಸಾಕು. ಒಣ ಬನಿಯನ್, ಜಾಕೆಟ್, ಟೋಪಿ ಹಾಕಿಕೊಂಡು ಬಳಿಕ ಕೂತುಕೊಳ್ಳಿ. ಬಾಯಿಗೆ ಸೇರುವುದನ್ನು ಸ್ವಲ್ಪಸ್ವಲ್ಪ ತಿನ್ನಿ: ಉಪ್ಪು ಹಾಕಿದ ಗಂಜಿ, ಸೂಪ್, ಬಾಳೆಹಣ್ಣು. ಬಾಯಾರಿಕೆ ಇದ್ದಷ್ಟೇ ನೀರು. ಕೂತಲ್ಲಿಂದ ತಟ್ಟನೆ ಏಳಬೇಡಿ, ರಕ್ತವೆಲ್ಲ ಕಾಲಿನಲ್ಲಿ ನಿಂತಿರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬಂದ ಕಾರನ್ನು ನೀವೇ ಓಡಿಸಿಕೊಂಡು ಎಕ್ಸ್‌ಪ್ರೆಸ್‌ವೇ ಹಿಡಿಯುವ ಯೋಚನೆ ಬೇಡ. ರಾತ್ರಿಯಿಡೀ ಎದ್ದಿದ್ದವರು ಸ್ಟಿಯರಿಂಗ್ ಮೇಲೆಯೇ ನಿದ್ದೆ ಹೋಗುತ್ತಾರೆ.

ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು?

ಮೂರು ಸಂಗತಿ ನಿಜಕ್ಕೂ ಅಪಾಯ.

ಮೊದಲನೆಯದು ಬಿಸಿಲಿನ ಹೊಡೆತ. ಮಾತು ತೊದಲುವುದು, ಸಿಡುಕುವುದು, ದಿಕ್ಕು ತಪ್ಪಿ ನಡೆಯುವುದು, ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟುವುದು. ಬೆವರು ಸುರಿಯುತ್ತಿದೆ ಎಂದು ಧೈರ್ಯ ತೆಗೆದುಕೊಳ್ಳಬೇಡಿ, ಓಟಗಾರರಲ್ಲಿ ಬೆವರುತ್ತಲೇ ಇದು ಬರುತ್ತದೆ. ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಅಲ್ಲೇ ತಣಿಸಿ. ಟಬ್ ಇದ್ದರೆ ಐಸ್ ನೀರಿನಲ್ಲಿ ಕತ್ತಿನವರೆಗೆ ಕೂರಿಸುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ತಲೆಯನ್ನು ಒಬ್ಬರು ಹಿಡಿದಿರಬೇಕು. ಟಬ್ ಇಲ್ಲವಾದರೆ ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಾ ಇರಿ.

ಎರಡನೆಯದು ರಕ್ತದಲ್ಲಿ ಸೋಡಿಯಂ ಇಳಿಯುವುದು. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಬಂದರೆ ಕಡಿಮೆ ಎಂದು ಲೆಕ್ಕ. ಮುಖ್ಯ ಕಾರಣ ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದದ್ದು. ಉಂಗುರ ಬಿಗಿಯಾಗುವುದು, ವಾಚಿನ ಪಟ್ಟಿಯ ಗುರುತು ಮೂಡುವಷ್ಟು ಕೈ ಊದುವುದು, ತಲೆನೋವು, ವಾಂತಿ, ಆಮೇಲೆ ಗೊಂದಲ, ಫಿಟ್ಸ್. ಓಟಕ್ಕೆ ಮುಂಚಿನದಕ್ಕಿಂತ ತೂಕ ಹೆಚ್ಚಾಗಿದ್ದರೆ ಅನುಮಾನ ಗಟ್ಟಿ. ನಮ್ಮ ಕಡೆ ಸುಸ್ತಾದವರಿಗೆಲ್ಲ 'ಒಂದು ಡ್ರಿಪ್ ಹಾಕಿಸಿಬಿಡಿ' ಎನ್ನುವ ರೂಢಿ ಇದೆ. ಈ ಸ್ಥಿತಿಯಲ್ಲಿ ಮಾಮೂಲಿ ಡ್ರಿಪ್ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಬಹುದು. ಇಷ್ಟು ಗಂಟೆ ಓಡಿ ಬಂದಿದ್ದೇನೆ, ಮೊದಲು ಸೋಡಿಯಂ ನೋಡಿ ಎಂದು ವೈದ್ಯರಿಗೆ ಹೇಳಿ.

ಮೂರನೆಯದು ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೊರೆಯಾಗುವುದು. ಮೂತ್ರ ಕೋಲಾ ಅಥವಾ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ತೊಡೆ ಊದಿಕೊಂಡು ಮುಟ್ಟಲಾಗದಷ್ಟು ನೋಯುತ್ತದೆ. ಎಂಟು ಹತ್ತು ಗಂಟೆ ಮೂತ್ರವೇ ಬರದಿದ್ದರೂ ಅಷ್ಟೇ ಗಂಭೀರ. ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವುದು) ಮತ್ತು ಸಿಕೆ (ಸ್ನಾಯು ಎಷ್ಟು ಒಡೆದಿದೆ ಎಂದು ತೋರಿಸುವುದು) ಪರೀಕ್ಷೆ ಅದೇ ದಿನ ಆಗಬೇಕು. ಸಿಕೆ ಸಂಖ್ಯೆ ಆರಾಮಾಗಿ ಓಟ ಮುಗಿಸಿದವರಲ್ಲೂ ಸಾವಿರಗಟ್ಟಲೆ ಏರಿರುತ್ತದೆ. ಅದೊಂದನ್ನೇ ನೋಡಿ ಗಾಬರಿಯಾಗಬೇಡಿ, ಮೂತ್ರಪಿಂಡ ಹೇಗಿದೆ ಎಂಬುದು ಮುಖ್ಯ.

ನೋವಿಗೆ ಬ್ರೂಫೆನ್, ಡೈಕ್ಲೋಫೆನಾಕ್ ನುಂಗಬಹುದಾ?

ಓಟದ ಹಿಂದಿನ ದಿನ, ಓಟದಲ್ಲಿ, ಓಟ ಮುಗಿದ ಎರಡು ದಿನ ಬೇಡ. ಈ ಗುಂಪಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತ ತಗ್ಗಿಸುತ್ತವೆ, ಆಗಲೇ ಅದು ಕಷ್ಟದಲ್ಲಿರುತ್ತದೆ. ಚೆನ್ನಾಗಿ ಮೂತ್ರ ಹೋಗಿ, ಹೊಟ್ಟೆಗೆ ಊಟ ಸೇರಿದ ಮೇಲೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಸಾಕು.

ತುಂಬಾ ಬೇಜಾರಾಗಿದೆ. ಆಫೀಸಿನಲ್ಲಿ ಕೂತರೂ ಅದೇ ಯೋಚನೆ. ಇದು ಎಷ್ಟು ದಿನ ಇರುತ್ತದೆ?

ಸಾಮಾನ್ಯವಾಗಿ ಒಂದೆರಡು ವಾರ. ಆರು ತಿಂಗಳು ಬೆಳಿಗ್ಗೆ 4ಕ್ಕೆ ಎದ್ದು, ಮದುವೆ ಮುಂಜಿ ತಪ್ಪಿಸಿ, ಭಾನುವಾರಗಳನ್ನೆಲ್ಲ ಕೊಟ್ಟಿದ್ದೀರಿ. ಅದಕ್ಕೆ ದುಃಖವಾಗದಿದ್ದರೆ ಆಶ್ಚರ್ಯ. ಇದರಲ್ಲಿ ಒಂದು ಪಾಲು ಬರೀ ಶರೀರದ್ದು: ನಿದ್ದೆಗೆಟ್ಟ ರಾತ್ರಿ, ಖಾಲಿಯಾದ ಗ್ಲೈಕೋಜನ್ (ಸ್ನಾಯುವಿನ ಸಕ್ಕರೆ ದಾಸ್ತಾನು), ಒಮ್ಮೆಗೇ ನಿಂತ ತರಬೇತಿ. ಆದ್ದರಿಂದ ಮೊದಲ ಮೂರು ರಾತ್ರಿ ಎಂಟು ಒಂಬತ್ತು ಗಂಟೆ ನಿದ್ದೆ, ಹೊತ್ತಿಗೆ ಸರಿಯಾಗಿ ಅನ್ನ. ಈ ಅವಧಿಯಲ್ಲಿ ಯಾವ ನಿರ್ಧಾರವನ್ನೂ ಮಾಡಬೇಡಿ. 'ಇನ್ನು ಓಡುವುದೇ ಇಲ್ಲ' ಎಂಬುದಾಗಲಿ, 'ಮುಂದಿನ ತಿಂಗಳೇ 100' ಎಂಬುದಾಗಲಿ ಈಗ ಹೇಳಿದ್ದಕ್ಕೆ ಬೆಲೆಯಿಲ್ಲ. ಬೆಳಿಗ್ಗೆ ಓಡುತ್ತಿದ್ದ ಹೊತ್ತಿಗೇ ಎದ್ದು ಅರ್ಧ ಗಂಟೆ ನಡೆಯಿರಿ, ವಾಚ್ ಮನೆಯಲ್ಲೇ ಇರಲಿ.

ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದೆ, ಯಾವುದರಲ್ಲೂ ಮನಸ್ಸು ನಿಲ್ಲದೆ, ಬದುಕೇ ಬೇಡ ಎನ್ನಿಸುವ ಮಟ್ಟಕ್ಕೆ ಹೋದರೆ ಅದು ಓಟದ ವಿಷಯವಾಗಿ ಉಳಿದಿಲ್ಲ. ಬದುಕು ಬೇಡ ಎನ್ನಿಸಿದರಂತೂ ಎರಡು ವಾರ ಕಾಯುವುದೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ವಾಟ್ಸಾಪ್ ಗ್ರೂಪಿನಲ್ಲಿ, ಊರಿನವರಿಗೆ ಏನು ಹೇಳಲಿ?

ಒಂದೇ ವಾಕ್ಯ, ಅದೇ ದಿನ: '62ನೇ ಕಿ.ಮೀ.ನಲ್ಲಿ ನಿಲ್ಲಿಸಿದೆ, ಹೊಟ್ಟೆ ಕೆಟ್ಟಿತ್ತು, ಈಗ ಆರಾಮ.' ಸುಮ್ಮನಿದ್ದರೆ ಟ್ರ್ಯಾಕಿಂಗ್ ಲಿಂಕ್ ನೋಡುತ್ತಾ ಕೂತವರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ. ಉದ್ದದ ವಿವರಣೆ ಬೇಡ, ಅದು ಸಮಜಾಯಿಷಿಯಾಗಿ ಕೇಳಿಸುತ್ತದೆ. ನೀವೂ ಬರೆಯುತ್ತಾ ಅದನ್ನೇ ನಂಬಲು ಶುರು ಮಾಡುತ್ತೀರಿ. ಗ್ರೂಪಿನಲ್ಲಿ ಒಬ್ಬರಾದರೂ 'ನಡೆದುಕೊಂಡಾದರೂ ಮುಗಿಸಬೇಕಿತ್ತು' ಎನ್ನುತ್ತಾರೆ, ಬಹುತೇಕ ಅವರು ಅಷ್ಟು ದೂರ ನಡೆದವರಲ್ಲ.

ಊರಿಂದ ದೊಡ್ಡಮ್ಮ ಫೋನ್ ಮಾಡಿ 'ಪ್ರೈಜ್ ಬಂತಾ ಮಗಾ?' ಎಂದರೆ ಇಲ್ಲ ಎಂದರೆ ಆಯಿತು. 62 ಕಿ.ಮೀ. ಅಂದರೆ ಹೆಚ್ಚುಕಡಿಮೆ ಉಡುಪಿಯಿಂದ ಮಂಗಳೂರು ದಾಟಿ ಹೋದ ಹಾಗೆ ಎಂದು ಸೇರಿಸಿ ನೋಡಿ, ಆಚೆಯಿಂದ ಬರುವುದು ಬೈಗುಳವೇ, ಆದರೆ ಪ್ರೀತಿಯದ್ದು.

ನಿಲ್ಲಿಸಿದ್ದು ಸರಿಯೋ ತಪ್ಪೋ ಹೇಗೆ ತಿಳಿಯುವುದು?

ಮೇಲಿನ ಮೂರು ಅಪಾಯಗಳಲ್ಲಿ ಒಂದಾದರೂ ಇದ್ದರೆ, ಓಟದ ಭಂಗಿಯನ್ನೇ ಬದಲಿಸುವಂಥ ನೋವಿದ್ದರೆ, ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದಾಗ ಚುಚ್ಚುತ್ತಿದ್ದರೆ ನಿಲ್ಲಿಸಿದ್ದೇ ಸರಿ, ಚರ್ಚೆ ಬೇಡ. ಕಟ್‌ಆಫ್ ತಪ್ಪಿದ್ದರೆ ನಿರ್ಧಾರ ನಿಮ್ಮದಾಗಿರಲೇ ಇಲ್ಲ. ಉಳಿಯುವುದು ಮೂರನೇ ಬಗೆ: ಶರೀರ ನಡೆಯುತ್ತಿತ್ತು, ಸಮಯವೂ ಇತ್ತು, ಆದರೂ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೆಚ್ಚು ಕಾಡುವುದೂ ಇದೇ, ಹೆಚ್ಚು ಕಲಿಸುವುದೂ ಇದೇ. ಇದನ್ನು ಮನೋಬಲದ ಕೊರತೆ ಎಂದು ಷರಾ ಬರೆದು ಮುಚ್ಚಬೇಡಿ. ಹಿಂದಕ್ಕೆ ಹೋಗಿ ನೋಡಿದರೆ ಬಹಳ ಸಲ ಕೊನೆಯ ಎರಡು ಗಂಟೆಯಲ್ಲಿ ಅವರ ಹೊಟ್ಟೆಗೆ ಏನೂ ಹೋಗಿರುವುದಿಲ್ಲ. ಮೆದುಳಿಗೂ ಸಕ್ಕರೆ ಬೇಕು.

ಕಾರಣ ಹುಡುಕುವುದು ಹೇಗೆ? ನನಗಂತೂ ಎಲ್ಲವೂ ಒಟ್ಟಿಗೇ ಕೆಟ್ಟಂತೆ ಅನ್ನಿಸುತ್ತದೆ.

ನಿಂತ ಜಾಗ ಬೇರೆ, ಕೆಟ್ಟ ಜಾಗ ಬೇರೆ. ಅಲ್ಟ್ರಾದಲ್ಲಿ ಇವೆರಡರ ನಡುವೆ ಎರಡರಿಂದ ನಾಲ್ಕು ಗಂಟೆ ಅಂತರ ಇರುವುದೇ ಹೆಚ್ಚು. 70ನೇ ಕಿ.ಮೀ.ನಲ್ಲಿ ವಾಂತಿಯಾಗಿ ನಿಂತವರ ಸಮಸ್ಯೆ 40ರಲ್ಲಿ ಬಿಸಿಲೇರಿದಾಗಲೂ ವೇಗ ಇಳಿಸದೆ ಇದ್ದದ್ದಾಗಿರಬಹುದು.

ಓಟ ಮುಗಿದು 48 ಗಂಟೆಯೊಳಗೆ, ನೆನಪು ಹಸಿಯಾಗಿರುವಾಗ, ಒಂದು ಹಾಳೆಯಲ್ಲಿ ಗಂಟೆಗೊಂದು ಸಾಲು ಬರೆಯಿರಿ: ಎಷ್ಟು ದೂರ, ಏನು ತಿಂದೆ, ಎಷ್ಟು ಕುಡಿದೆ, ಮೂತ್ರ ಹೋಯಿತೇ, ಬಿಸಿಲೋ ನೆರಳೋ, ಮನಸ್ಸು ಹತ್ತಕ್ಕೆ ಎಷ್ಟು. ಮುಂದಿನ ವಾರ ವಾಚಿನ ದಾಖಲೆ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ಮೊದಲ ಕಾಲುಭಾಗದ ಹೃದಯಬಡಿತ ನಿಮ್ಮ ಉದ್ದದ ಓಟಗಳ ಬಡಿತಕ್ಕಿಂತ ಹತ್ತು ಹದಿನೈದು ಜಾಸ್ತಿ ಇದೆಯೇ? ಬಡಿತ ಹಾಗೇ ಇದ್ದು ವೇಗ ಮಾತ್ರ ಇಳಿಯಲು ಶುರುವಾದದ್ದು ಎಲ್ಲಿ? ಪ್ರತಿ ಏಡ್ ಸ್ಟೇಷನ್ನಿನಲ್ಲಿ (ದಾರಿಯಲ್ಲಿ ನೀರು, ತಿಂಡಿ ಕೊಡುವ ಜಾಗ) ಎಷ್ಟು ನಿಮಿಷ ನಿಂತಿದ್ದೀರಿ? ಈ ಕೊನೆಯ ಅಂಕಿಗೆ ಎಲ್ಲರೂ ಬೆಚ್ಚಿಬೀಳುತ್ತಾರೆ. 'ಎರಡೇ ನಿಮಿಷ ಇದ್ದೆ' ಎಂದುಕೊಂಡದ್ದು ಹನ್ನೊಂದು ಆಗಿರುತ್ತದೆ.

ಎರಡನ್ನೂ ಜೋಡಿಸಿ, ಎಲ್ಲ ಸರಿಯಿದ್ದ ಕೊನೆಯ ಗಂಟೆಯನ್ನು ಗುರುತಿಸಿ. ಅದರ ಹಿಂದುಮುಂದಿನ ಒಂದು ಗಂಟೆಯಲ್ಲೇ ಕಾರಣ ಇರುತ್ತದೆ. ಬದಲಿಸಲು ಒಂದು, ಹೆಚ್ಚೆಂದರೆ ಎರಡು ಸಂಗತಿ ಆರಿಸಿ. ಶೂ, ಜೆಲ್ (ಓಡುತ್ತಾ ತಿನ್ನುವ ಸಕ್ಕರೆ ಪಾಕದ ಪೊಟ್ಟಣ), ಕೋಚ್, ತರಬೇತಿ ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಮುಂದಿನ ಸಲ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂದೇ ತಿಳಿಯುವುದಿಲ್ಲ.

ಹೊಟ್ಟೆ ಕೆಟ್ಟು ನಿಂತೆ. ಏನು ತಿಂದರೂ ವಾಂತಿ. ಏಕೆ ಹೀಗಾಗುತ್ತದೆ?

ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ, ಬಿಸಿಲೇರಿದರೆ ಮೈ ತಣಿಸಲು ಚರ್ಮದ ಕಡೆಗೂ ಹರಿಯುತ್ತದೆ. ಹೊಟ್ಟೆಗೆ ಉಳಿಯುವುದು ಚೂರು. ಅಂಥ ಹೊಟ್ಟೆಗೆ ಎರಡು ಜೆಲ್ ಒಟ್ಟಿಗೆ ಹಾಕಿ, ಮೇಲೆ ಸಿಹಿ ಪಾನೀಯ ಸುರಿದರೆ ಗಟ್ಟಿ ಸಕ್ಕರೆ ದ್ರಾವಣ ಅಲ್ಲೇ ನಿಲ್ಲುತ್ತದೆ. ಮೊದಲು ವಾಕರಿಕೆ, ಆಮೇಲೆ ವಾಂತಿ.

ಅಲ್ಲೇ ಮಾಡಬೇಕಾದದ್ದು: ಓಟ ಬಿಟ್ಟು 15–20 ನಿಮಿಷ ನಡೆಯಿರಿ, ಕತ್ತು ತಲೆಗೆ ತಣ್ಣೀರು ಹಾಕಿ, ಸಿಹಿ ನಿಲ್ಲಿಸಿ. ಬಾಯಿ ತೊಳೆದು ಐದು ನಿಮಿಷಕ್ಕೊಂದು ಗುಟುಕು ನೀರು. ವಾಕರಿಕೆ ಇಳಿದ ಮೇಲೆ ಉಪ್ಪು ಸವರಿದ ಆಲೂಗಡ್ಡೆ, ಶುಂಠಿ ಚೂರು, ತಿಳಿ ಗಂಜಿ. ಒಂದು ಸಲ ವಾಂತಿಯಾದರೆ ಓಟ ಮುಗಿಯಿತು ಎಂದಲ್ಲ, ಖಾಲಿಯಾದ ಮೇಲೆ ಚೇತರಿಸಿಕೊಂಡವರು ಬೇಕಾದಷ್ಟು ಮಂದಿ. ಒಂದು ಗಂಟೆ ಕಳೆದರೂ ಗುಟುಕು ನೀರೂ ನಿಲ್ಲದಿದ್ದರೆ ನಿಲ್ಲಿಸಿ.

ಮುಂದಿನ ಓಟಕ್ಕೆ ಹೊಟ್ಟೆಗೂ ತರಬೇತಿ ಬೇಕು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಬಹುತೇಕರಿಗೆ ಒಳ್ಳೆಯ ಗುರಿ. ಗ್ಲೂಕೋಸ್ ಜೊತೆ ಫ್ರಕ್ಟೋಸ್ ಬೆರೆಸಿ ಅಭ್ಯಾಸ ಮಾಡಿದವರು 90ರವರೆಗೆ ಹೋಗುತ್ತಾರೆ. ವಾರದ ಉದ್ದದ ಓಟದಲ್ಲಿ ಗಂಟೆಗೆ 30 ಗ್ರಾಂನಿಂದ ಶುರು ಮಾಡಿ ಆರರಿಂದ ಎಂಟು ವಾರದಲ್ಲಿ ಏರಿಸಿ. ಲೆಕ್ಕಕ್ಕೆ: ಮಧ್ಯಮ ಬಾಳೆಹಣ್ಣು ಸುಮಾರು 25 ಗ್ರಾಂ, ಒಂದು ಜೆಲ್ 22–25, ಬೇಯಿಸಿದ ಆಲೂಗಡ್ಡೆ 100 ಗ್ರಾಂನಲ್ಲಿ 18–20, ಅನ್ನ 100 ಗ್ರಾಂನಲ್ಲಿ 28, ಕೋಲಾ 200 ಮಿ.ಲೀ.ನಲ್ಲಿ 21. ಶೇಂಗಾ ಚಿಕ್ಕಿ ಲೋಣಾವಳದಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದು ಜೇಬು ತುಂಬಿಕೊಳ್ಳುವವರಿದ್ದಾರೆ. ಅದರ ಎಣ್ಣೆಯಂಶ ಕರಗಲು ಹೊತ್ತು ಹಿಡಿಯುತ್ತದೆ, ನಿಧಾನವಾಗಿ ನಡೆಯುವ ಏರಿನಲ್ಲಿ ಸರಿ, ಓಡುವಾಗ ಬೇಡ. ಬಹಳ ಜನ ಮಾಡುವ ಇನ್ನೊಂದು ತಪ್ಪು ಓಆರ್‌ಎಸ್ ಕುಡಿದು 'ಎನರ್ಜಿ ತಗೊಂಡೆ' ಎಂದುಕೊಳ್ಳುವುದು. ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಅರ್ಧ ಬಾಳೆಹಣ್ಣಿನಷ್ಟು. ಅದು ಉಪ್ಪು, ನೀರು ಎರಡಕ್ಕಾಗಿ, ಊಟಕ್ಕಲ್ಲ.

ಹಾಗಾದರೆ ನೀರು, ಉಪ್ಪು ಎಷ್ಟು?

ನಿಮ್ಮ ಬೆವರು ಅಳೆಯದೆ ಯಾರೂ ಹೇಳಲಾರರು. ಮೂತ್ರ ಮಾಡಿ, ಬಟ್ಟೆ ಕಳಚಿ ತೂಕ ನೋಡಿ. ಒಂದು ಗಂಟೆ ಓಡಿ, ಕುಡಿದದ್ದನ್ನು ಅಳೆದಿಡಿ. ಮೈ ಒರೆಸಿ ಮತ್ತೆ ತೂಕ. 62.0 ಕೆ.ಜಿ. ಇದ್ದದ್ದು 61.1 ಆಗಿ, ನಡುವೆ 300 ಮಿ.ಲೀ. ಕುಡಿದಿದ್ದರೆ ಗಂಟೆಗೆ 1.2 ಲೀಟರ್ ಬೆವರು. ಇದನ್ನು ಮುಂಬೈಯಲ್ಲಿ ಮೇ ತಿಂಗಳು, ಪುಣೆಯಲ್ಲಿ ಡಿಸೆಂಬರ್ ಎಂದು ಬೇರೆಬೇರೆ ಮಾಡಿದರೆ ಇಬ್ಬರು ಬೇರೆ ಮನುಷ್ಯರ ಲೆಕ್ಕದಂತೆ ಕಾಣುತ್ತದೆ. ಮುಂಬೈ, ಗೋವಾದ ಕರಾವಳಿಯಲ್ಲಿ ಗಾಳಿಯೇ ತೇವ. ಬೆವರು ಆರುವುದಿಲ್ಲ, ಆರದ ಬೆವರು ಮೈ ತಣಿಸುವುದಿಲ್ಲ, ಸುಮ್ಮನೆ ತೊಟ್ಟಿಕ್ಕಿ ನಷ್ಟವಾಗುತ್ತದೆ. ಪುಣೆಯ ಒಣ ಚಳಿಯಲ್ಲಿ ತಯಾರಾಗಿ ಕರಾವಳಿಗೆ ಇಳಿದು ನಿಂತವರ ಡಿಎನ್‌ಎಫ್‌ಗಳಲ್ಲಿ ಇದರ ಪಾಲು ದೊಡ್ಡದು. 10–14 ದಿನ ದಿನಕ್ಕೊಂದು ಗಂಟೆ ಸೆಖೆಯಲ್ಲಿ ಓಡಿ ಶರೀರವನ್ನು ಒಗ್ಗಿಸಿಕೊಳ್ಳಿ.

ಕಳೆದದ್ದನ್ನೆಲ್ಲ ತುಂಬಲು ಹೋಗಬೇಡಿ. ಬಾಯಾರಿದಾಗ ಕುಡಿಯಿರಿ, ತೂಕ ನೂರಕ್ಕೆ ಎರಡು ಮೂರು ಭಾಗ ಇಳಿದರೆ ಸಹಜ. ಓಆರ್‌ಎಸ್ ಲೀಟರಿಗೆ 1.7 ಗ್ರಾಂ ಸೋಡಿಯಂ ಕೊಡುತ್ತದೆ. ಟೋಪಿಯ ಮೇಲೆ ಬೆವರಿನ ಉಪ್ಪಿನ ಬಿಳಿ ಗೆರೆ ಬೀಳುವವರಿಗೆ ಗಂಟೆಗೆ ಅರ್ಧ ಲೀಟರ್ ಉಪಯುಕ್ತ. ಉಪ್ಪಿನ ಮಾತ್ರೆ ನುಂಗಿದ್ದೇನೆ ಎಂಬ ಧೈರ್ಯದಲ್ಲಿ ಎರಡರಷ್ಟು ನೀರು ಕುಡಿದರೆ ಸೋಡಿಯಂ ಇಳಿದೇ ಇಳಿಯುತ್ತದೆ.

ಕಾಲು ಚೆನ್ನಾಗಿತ್ತು, ಕಟ್‌ಆಫ್ ತಪ್ಪಿತು. ಇನ್ನೂ ಜೋರಾಗಿ ಓಡಬೇಕಿತ್ತೇ?

ಬಹುಶಃ ಲೆಕ್ಕ ಮೊದಲೇ ತಪ್ಪಿತ್ತು. 50 ಕಿ.ಮೀ., 10 ಗಂಟೆ, ಒಟ್ಟು ಏರು 2,000 ಮೀಟರ್ ಇರುವ ಟ್ರೇಲ್ (ಕಾಡುದಾರಿಯ) ಓಟ ಎಂದುಕೊಳ್ಳಿ. ಕಿ.ಮೀ.ಗೆ 12 ನಿಮಿಷ ಸಿಕ್ಕಿತು, ಆರಾಮ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಐದು ಏಡ್ ಸ್ಟೇಷನ್, ತಲಾ 8 ನಿಮಿಷ, 40 ನಿಮಿಷ ಹೋಯಿತು. ಚಾರಣಿಗರು ನೂರು ವರ್ಷಕ್ಕೂ ಹಿಂದಿನಿಂದ ಬಳಸುವ ನೇಸ್ಮಿತ್ ಸೂತ್ರದ ಪ್ರಕಾರ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಸೇರಿಸಬೇಕು, ಅಂದರೆ 2,000 ಮೀಟರಿಗೆ 200 ನಿಮಿಷ. ಉಳಿದದ್ದು 360 ನಿಮಿಷ, ಕಿ.ಮೀ.ಗೆ 7 ನಿಮಿಷ 12 ಸೆಕೆಂಡ್. ಸಮತಟ್ಟಿನಲ್ಲಿ 7ರ ವೇಗದಲ್ಲಿ ಓಡುವವರಿಗೆ ಇಲ್ಲಿ ಉಸಿರಾಡಲೂ ಜಾಗವಿಲ್ಲ. ಗಟ್ಟಿ ಓಟಗಾರರಿಗೆ ಈ ಸೂತ್ರ ತುಸು ಬಿಗಿ ಎನ್ನಿಸಬಹುದು. ರಾತ್ರಿ, ಬಿಸಿಲು, ಸಡಿಲ ಕಲ್ಲು ಸೇರಿಸಿದರೆ ಸರಿಹೋಗುತ್ತದೆ.

ಆದ್ದರಿಂದ ಜೋರಾಗಿ ಓಡುವುದಕ್ಕಿಂತ ಕಡಿಮೆ ನಿಲ್ಲುವುದು, ಏರನ್ನು ಚುರುಕಾಗಿ ನಡೆಯುವುದು ಅಗ್ಗದ ದಾರಿ. ಬಾಟಲಿ ಮುಚ್ಚಳವನ್ನು ಸ್ಟೇಷನ್ ಬರುವ 100 ಮೀಟರ್ ಮೊದಲೇ ಬಿಚ್ಚಿ, ಏನು ಬೇಕೆಂದು ಬಾಯಲ್ಲೇ ಹೇಳಿಕೊಂಡು ಬನ್ನಿ, ತಿನ್ನುವುದನ್ನು ಕೈಯಲ್ಲಿ ಹಿಡಿದು ನಡೆಯುತ್ತಾ ತಿನ್ನಿ. ಕುರ್ಚಿ ಶೂ ಬದಲಿಸಲು ಮಾತ್ರ. ಪ್ರತಿ ಚೆಕ್‌ಪಾಯಿಂಟಿನ ಕಟ್‌ಆಫ್ ಮತ್ತು ನಿಮ್ಮ ಗುರಿಯ ಸಮಯವನ್ನು ಬಿಬ್ ಹಿಂದೆ ಬರೆದು ಮೇಲೆ ಟೇಪ್ ಅಂಟಿಸಿ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಅಲ್ಟ್ರಾ ಓಟಕ್ಕೆ ಇಲ್ಲಿಂದ ಹೋಗುವವರಿಗಂತೂ ಇದು ತಪ್ಪದು. ಅಲ್ಲಿ 12 ಗಂಟೆ ಮುಗಿದಾಗ ಹಾರಿಸುವ ಕೊನೆಯ ಗನ್ ಮಾತ್ರವಲ್ಲ, ದಾರಿಯುದ್ದಕ್ಕೂ ಕಟ್‌ಆಫ್‌ಗಳಿವೆ, ತಪ್ಪಿದವರನ್ನು ಬಸ್ ಹತ್ತಿಸುತ್ತಾರೆ.

ಇಳಿಜಾರಿನಲ್ಲಿ ತೊಡೆ ಸತ್ತೇಹೋಯಿತು. ಏರು ಏನೂ ಅನ್ನಿಸಲಿಲ್ಲ.

ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಅದರಲ್ಲೇ ಎಳೆಗಳು ಹರಿಯುವುದು ಹೆಚ್ಚು. ಮರೀನ್ ಡ್ರೈವ್‌ನಲ್ಲಿ ಎಷ್ಟು ಓಡಿದರೂ ಇದಕ್ಕೆ ತಯಾರಿ ಆಗದು. ಪುಣೆಯವರಿಗೆ ಸಿಂಹಗಡದ ಆತ್‌ಕರ್‌ವಾಡಿ ದಾರಿ ಇದೆ, ಸುಮಾರು 600 ಮೀಟರ್ ಏರು. ಎರಡು ವಾರಕ್ಕೊಮ್ಮೆ ಹತ್ತಿ, ಇಳಿಯುವುದನ್ನು ಗಮನವಿಟ್ಟು ಓಡಿ: ಸಣ್ಣ ಹೆಜ್ಜೆ, ಮೈ ಹಿಂದಕ್ಕೆ ವಾಲದಂತೆ. ಕಾತ್ರಜ್‌ನಿಂದ ಸಿಂಹಗಡದವರೆಗಿನ ಗುಡ್ಡಸಾಲು ಇನ್ನೂ ಒಳ್ಳೆಯ ಪಾಠಶಾಲೆ. ಮುಂಬೈಯವರಿಗೆ ಠಾಣೆಯ ಯೇವೂರು, ಖಾರ್‌ಘರ್ ಗುಡ್ಡ, ಬೋರಿವಲಿ ರಾಷ್ಟ್ರೀಯ ಉದ್ಯಾನದ ಕಾನ್ಹೇರಿ ರಸ್ತೆ. ಗೋವಾದವರಿಗೆ ಚೋರ್ಲಾ ಘಾಟ್ ಕಡೆ ಹೋಗದೆ ಗತಿಯಿಲ್ಲ. ಏನೂ ಸಿಗದಿದ್ದರೆ ನಿಮ್ಮ ಕಟ್ಟಡದ ಮೆಟ್ಟಿಲು: ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯಿರಿ. ವಾಚ್‌ಮನ್ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಒಂದು ಕಠಿಣ ಇಳಿತ ಸ್ನಾಯುವಿಗೆ ಕೊಡುವ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಆದ್ದರಿಂದ ಕೊನೆಯ ದೊಡ್ಡ ಇಳಿತವನ್ನು ಓಟಕ್ಕೆ ಎರಡು ಮೂರು ವಾರ ಮೊದಲು ಇಟ್ಟುಕೊಳ್ಳಿ.

ನೀರುಗುಳ್ಳೆ ಎದ್ದು ನಿಂತದ್ದು ನಾಚಿಕೆಗೇಡು ಅಲ್ಲವೇ?

ಅಲ್ಲ. ಒದ್ದೆ ಚರ್ಮ, ಉಜ್ಜಾಟ, ಬಿಸಿ ಮೂರೂ ಸೇರಿದರೆ ಗುಳ್ಳೆ. ಉರಿ ಶುರುವಾದ ಕೂಡಲೇ ನಿಂತು ಕಾಲು ಒರೆಸಿ ಜಿಂಕ್ ಆಕ್ಸೈಡ್ ಟೇಪ್ ಸುತ್ತಿದರೆ ಐದು ನಿಮಿಷದ ಕೆಲಸ, ಗುಳ್ಳೆಯಾದ ಮೇಲೆ ಅರ್ಧ ಗಂಟೆ. ದಾರಿಯ ಸ್ಟೇಷನ್ನಿಗೆ ಮೊದಲೇ ಕಳಿಸಿಡುವ ಡ್ರಾಪ್ ಬ್ಯಾಗಿನಲ್ಲಿ ಎರಡು ಜೊತೆ ಸಾಕ್ಸ್, ತೊಡೆಸಂದಿಗೆ ವ್ಯಾಸಲಿನ್ ಇರಲಿ.

ರಾತ್ರಿ ಮೂರು ಗಂಟೆಗೆ ಮನಸ್ಸು ಕುಸಿದುಬಿಟ್ಟಿತು. ಬೆಳಗಾಗುವವರೆಗೆ ತಡೆದಿದ್ದರೆ?

ತಡೆದಿದ್ದರೆ ಮುಗಿಸುತ್ತಿದ್ದಿರೋ ಏನೋ. ರಾತ್ರಿ 3ರಿಂದ 5ರ ನಡುವೆ ಮೈಯ ಉಷ್ಣತೆ ದಿನದ ಕನಿಷ್ಠಕ್ಕೆ ಇಳಿಯುತ್ತದೆ, ನಿದ್ದೆಯ ಒತ್ತಡ ಗರಿಷ್ಠ. ಆ ಹೊತ್ತಿನಲ್ಲಿ ಬರುವ ಯೋಚನೆಗಳನ್ನು ಯೋಚನೆ ಎಂದು ಪರಿಗಣಿಸಬೇಡಿ. ಮೊದಲೇ ಒಂದು ನಿಯಮ ಬರೆದಿಡಿ: ಅಪಾಯದ ಲಕ್ಷಣ ಇಲ್ಲದಿದ್ದರೆ ಕತ್ತಲಲ್ಲಿ ನಿಲ್ಲಿಸುವುದಿಲ್ಲ, ನಿಲ್ಲಿಸಬೇಕೆನ್ನಿಸಿದರೆ ಮೊದಲು 200 ಕ್ಯಾಲರಿ ತಿಂದು, ಜಾಕೆಟ್ ಹಾಕಿ, 15 ನಿಮಿಷ ಕಣ್ಣು ಮುಚ್ಚಿ, ಮುಂದಿನ ಸ್ಟೇಷನ್‌ವರೆಗೆ ನಡೆದು ಮತ್ತೆ ಕೇಳಿಕೊಳ್ಳುತ್ತೇನೆ. ಸುಮಾರು 2 ಗಂಟೆಗೆ 100 ಮಿ.ಗ್ರಾಂ. ಕೆಫೀನ್ ಸಹಾಯ ಮಾಡುತ್ತದೆ. ಹೊಟ್ಟೆ ಆಗಲೇ ಕೆಟ್ಟಿದ್ದರೆ ಮಾತ್ರ ಬೇಡ.

ಮತ್ತೆ ಓಡಲು ಯಾವಾಗ ಶುರು ಮಾಡಲಿ? ಪೂರ್ತಿ ಓಡಿಲ್ಲವಲ್ಲ, ಬೇಗ ಶುರು ಮಾಡಬಹುದೇ?

100ರಲ್ಲಿ 60 ಓಡಿದ್ದರೆ ಶರೀರಕ್ಕೆ ಅದು 60 ಕಿ.ಮೀ. ಅಲ್ಟ್ರಾವೇ, ಗೆರೆ ಮುಟ್ಟಿದಿರೋ ಇಲ್ಲವೋ ಸ್ನಾಯುವಿಗೆ ಗೊತ್ತಿಲ್ಲ. ಮೊದಲ ವಾರ ನಡಿಗೆ, ಈಜು. ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯಲಾದರೆ, ಬೆಳಗಿನ ನಾಡಿ ಎಂದಿನದಕ್ಕಿಂತ ಐದಕ್ಕಿಂತ ಹೆಚ್ಚಿಲ್ಲದಿದ್ದರೆ ಎರಡನೇ ವಾರ 30 ನಿಮಿಷದ ಹಗುರ ಓಟ. ಪಾದದಲ್ಲೋ ಮೊಣಕಾಲ ಕೆಳಗಿನ ಮೂಳೆಯಲ್ಲೋ ಒಂದೇ ಕಡೆ ನೋವಿದ್ದು ಒಂಟಿಕಾಲಲ್ಲಿ ಜಿಗಿದಾಗ ಹೆಚ್ಚಾದರೆ ಮೂಳೆತಜ್ಞರನ್ನು ನೋಡಿ. ಮೊದಲ ಎರಡು ಮೂರು ವಾರದ ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ಕಾಣದೆಯೂ ಇರಬಹುದು. ಕಾರಣವೇ ಇಲ್ಲದೆ ಸುಸ್ತಾಗಿದ್ದವರು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ ನೋಡಿಸಿಕೊಳ್ಳಲಿ. ಫೆರಿಟಿನ್ ಮಾತ್ರ ಎರಡು ವಾರ ಬಿಟ್ಟು, ಓಟದ ಉರಿಯೂತದಲ್ಲಿ ಅದು ಸುಳ್ಳೇ ಏರಿ ತೋರಿಸುತ್ತದೆ.

ಮುಂದಿನ ತಿಂಗಳು ಇನ್ನೊಂದು ಓಟವಿದೆ. ಸೇಡು ತೀರಿಸಿಕೊಳ್ಳಲೇ?

ಬೇಡ. ಕೆಟ್ಟ ಕಾರಣ ಹಾಗೇ ಇದ್ದರೆ ನಾಲ್ಕು ವಾರದಲ್ಲಿ ಎರಡನೇ ಡಿಎನ್‌ಎಫ್ ಕಾದಿರುತ್ತದೆ, ಅದು ಮೊದಲನೆಯದಕ್ಕಿಂತ ಜಾಸ್ತಿ ಚುಚ್ಚುತ್ತದೆ. ಕಾಲು ಉಳುಕಿಯೋ ದಾರಿ ತಪ್ಪಿಯೋ ಮೊದಲ 15–20 ಕಿ.ಮೀ.ನಲ್ಲೇ ನಿಂತವರದ್ದು ಬೇರೆ ಮಾತು, ಗಾಯ ವಾಸಿಯಾಗಿದ್ದರೆ ಹೋಗಬಹುದು. ಉಳಿದವರಿಗೆ ಮೂರರಿಂದ ನಾಲ್ಕು ತಿಂಗಳ ಅಂತರ, ನಡುವೆ ಒಂದು 12 ಗಂಟೆಯ ಓಟ. ಕಟ್‌ಆಫ್‌ನ ಭಯವಿಲ್ಲದೆ, ಅದೇ ಊಟ, ಅದೇ ನೀರು, ಅದೇ ರಾತ್ರಿಯನ್ನು ಅಲ್ಲಿ ಪರೀಕ್ಷಿಸಬಹುದು. ಮಲೆನಾಡಿನ ಕಾಫಿ ತೋಟಗಳ ಓಟಕ್ಕೆ ಊರಿನ ಆಸೆಯಿಂದ ಹೆಸರು ಕೊಡುವವರು ಅಲ್ಲಿನ ಕೆಸರು, ಜಿಗಣೆ ಎರಡನ್ನೂ ಲೆಕ್ಕಕ್ಕೆ ಹಿಡಿದಿರಲಿ.

ದೊಡ್ಡ ಓಟಗಾರರಿಗೂ ಹೀಗಾಗುತ್ತದೆಯೇ?

ಅಮೆರಿಕದ ಜಿಮ್ ವಾಮ್ಸ್‌ಲಿ 2017ರ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದಲ್ಲಿ ದಾಖಲೆಯ ವೇಗದಲ್ಲಿ ಹೊರಟು, ಬಿಸಿಲಿಗೆ ಹೊಟ್ಟೆ ಕೆಟ್ಟು ಸುಮಾರು 78ನೇ ಮೈಲಿಯಲ್ಲಿ ನಿಂತರು. 2018ರಲ್ಲಿ ಅದೇ ಓಟವನ್ನು 14 ಗಂಟೆ 30 ನಿಮಿಷದಲ್ಲಿ ಗೆದ್ದು ದಾಖಲೆ ಬರೆದರು. ಯುರೋಪಿನ ಮೋಂಟ್ ಬ್ಲಾಂಕ್ ಪರ್ವತದ ಸುತ್ತಿನ ಯುಟಿಎಂಬಿ ಓಟದಲ್ಲೂ ಡಿಎನ್‌ಎಫ್ ಕಂಡು 2023ರಲ್ಲಿ ಗೆದ್ದರು.

ಓಟದ ಟೀಶರ್ಟ್ ಹಾಕಿಕೊಳ್ಳಬಹುದೇ? ಫೀಸು ವಾಪಸ್ ಬರುತ್ತದೆಯೇ?

ಬಿಬ್ ಜೊತೆ ಕೊಟ್ಟ ಟೀಶರ್ಟ್ ಧಾರಾಳವಾಗಿ ಹಾಕಿ, 'ಫಿನಿಶರ್' ಎಂದು ಬರೆದದ್ದು ಬೇಡ. ಫೀಸು ಬರುವುದಿಲ್ಲ.

ನಮ್ಮ ಯಜಮಾನರು ನಿಲ್ಲಿಸಿ ಬಂದಿದ್ದಾರೆ, ನಾನು ಸಪೋರ್ಟ್‌ಗೆ ಹೋಗಿದ್ದೆ. ಏನು ಮಾತಾಡಲಿ?

ಆ ದಿನ ಏನೂ ಬೇಡ. 'ಪರವಾಗಿಲ್ಲ ಬಿಡಿ' ಎಂದರೂ ರೇಗುತ್ತಾರೆ, 'ಏಕೆ ನಿಲ್ಲಿಸಿದಿರಿ' ಎಂದರೂ ರೇಗುತ್ತಾರೆ. ಒಣ ಬಟ್ಟೆ, ಚಪ್ಪಲಿ, ಫ್ಲಾಸ್ಕಿನಲ್ಲಿ ಗಂಜಿ ಕೊಡಿ, ಉಪ್ಪಿನಕಾಯಿ ಚೂರು ಇರಲಿ. ಮೂತ್ರದ ಬಣ್ಣ ಮಾತ್ರ ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ. ಕಾರಣದ ಚರ್ಚೆ ಮುಂದಿನ ಭಾನುವಾರ ಮುಂಬೈಯ ಮಾಟುಂಗಾದಲ್ಲೋ ಪುಣೆಯ ಡೆಕ್ಕನ್‌ನಲ್ಲೋ ಇಡ್ಲಿ ಮುಂದಿಟ್ಟುಕೊಂಡು ಆಗಲಿ, ಅಲ್ಲಿ ನೀವು ಗಂಟೆಗಂಟೆಗೆ ಕಂಡದ್ದನ್ನು ಹೇಳಿದರೆ ಅವರ ಹಾಳೆಯ ಅರ್ಧ ತುಂಬುತ್ತದೆ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಮಾಡಿಕೊಡಿ, ಘಾಟಿನ ತಿರುವು ಶುರುವಾಗುವ ಮೊದಲು ಕೈಗೊಂದು ಪ್ಲಾಸ್ಟಿಕ್ ಚೀಲವನ್ನೂ ಕೊಟ್ಟಿರಿ.